ಕಂಕುಳಲ್ಲಿ ಲಿನಕ್ಸ್, ಊರೆಲ್ಲ ಹುಡುಕಾಟ

ಟೆಲಿಫೋನ್ ತಂತಿಯಲ್ಲಿ ಇಂಟರ್ನೆಟ್ ತರುವ ಎಡಿಎಸ್‌ಎಲ್ ಮೋಡೆಮ್ ಡಬ್ಬಿಯ ಬೆನ್ನ ಮೇಲೆ ಒಂದು ಶಾಸನ ಇರುತ್ತದೆ: ವಿಂಡೋಸ್ ಇರಬೇಕು, ಸಿ.ಡಿ. ಡ್ರೈವ್ ಇರಬೇಕು. ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬಳಸುವವರು ಅದನ್ನೋದಿ ಮುಖ ಸಪ್ಪೆ ಮಾಡಿಕೊಂಡು ಡಬ್ಬಿಯನ್ನು ಕೆಳಗಿಡಬೇಕು ಅನ್ನೋದು ಸಂಪ್ರದಾಯ. ಇಡುವ ಮೊದಲು ಒಳಗಿನ ಕೈಪಿಡಿಯ ಕೊನೆಯ ಪುಟ ತೆಗೆಯಿರಿ. ಇರುವೆ ಸಾಲಿನಂಥ ಅಕ್ಷರದಲ್ಲಿ ಜಿಪಿಎಲ್ ಆವೃತ್ತಿ 2, ಅಂದರೆ ಲಿನಕ್ಸ್ ಕರ್ನಲ್‌ನ ಪರವಾನಗಿ, ಅಚ್ಚಾಗಿದ್ದರೆ ಆಶ್ಚರ್ಯ ಬೇಡ. ಇಂಥ ರೌಟರ್ ಮೋಡೆಮ್‌ಗಳಲ್ಲಿ ಬಹಳಷ್ಟು ಓಡುವುದೇ ಲಿನಕ್ಸ್‌ನ ತಿರುಳಾದ ಆ ಕರ್ನಲ್ ಮೇಲೆ. ಹೊಟ್ಟೆಯಲ್ಲಿ ಲಿನಕ್ಸ್ ಇಟ್ಟುಕೊಂಡೇ ‘ನಮ್ಮಲ್ಲಿ ಲಿನಕ್ಸ್ ನಡೆಯೋಲ್ಲ’ ಅನ್ನುವ ಧೈರ್ಯವನ್ನು ಮೆಚ್ಚಲೇಬೇಕು.

ಕೊಳ್ಳುವಾಗ ನೋಡಬೇಕಾದ್ದು ಆ ಶಾಸನವನ್ನಲ್ಲ, ಹಿಂಬದಿಯ ತೂತುಗಳನ್ನು. ಅಗಲವಾದ ಈಥರ್ನೆಟ್ ತೂತು ಇದೆಯೇ, ಅಷ್ಟು ಸಾಕು. ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿಗೆ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಇದ್ದರೆ ಮುಗಿಯಿತು, ಮೋಡೆಮ್‌ಗೆ ಬೇರೆ ಡ್ರೈವರ್ ಬೇಡ. ಕೇಬಲ್ ಸಿಕ್ಕಿಸಿ ಬ್ರೌಸರಿನಲ್ಲಿ 192.168.1.1 ಅಥವಾ ಡಬ್ಬಿಯ ಅಡಿಯ ಚೀಟಿಯಲ್ಲಿರುವ ವಿಳಾಸ ಕೊಡಿ, ಮೋಡೆಮ್‌ನ ಸೆಟ್ಟಿಂಗ್ ಪುಟ ತೆರೆಯುತ್ತದೆ.

ಬರೀ ಯುಎಸ್‌ಬಿ ಇರುವ ಎಡಿಎಸ್‌ಎಲ್ ಮೋಡೆಮ್ ಪುಕ್ಕಟೆ ಕೊಟ್ಟರೂ ಬೇಡ. ಅದು ಅರ್ಧ ಕೆಲಸವನ್ನು ಕಂಪ್ಯೂಟರಿನ ತಲೆಗೆ ಕಟ್ಟುತ್ತದೆ. ಪ್ರತಿ ಸಲ ಎಬ್ಬಿಸುವಾಗಲೂ ಫರ್ಮ್‌ವೇರ್ (ಮೋಡೆಮ್ ಒಳಗೆ ಓಡುವ ತಂತ್ರಾಂಶ) ಉಣ್ಣಿಸಬೇಕು. ಆ ಫರ್ಮ್‌ವೇರ್ ಎಷ್ಟೋ ಸಲ ಸಿಗುವುದು ವಿಂಡೋಸ್ ಡ್ರೈವರಿನ ಕಡತದೊಳಗೆ ಮಾತ್ರ.

ಸಿಮ್ ಹಾಕುವ ಡಾಂಗಲ್‌ನದು ಇನ್ನೊಂದು ವೇಷ. ಸಿಕ್ಕಿಸಿದೊಡನೆ ‘ನಾನು ಸಿ.ಡಿ. ಡ್ರೈವ್’ ಅನ್ನುತ್ತದೆ, ಒಳಗೆ ವಿಂಡೋಸ್ ಡ್ರೈವರ್ ಹೊತ್ತುಕೊಂಡು. ವೇಷ ಕಳಚಿಸಲೆಂದೇ ಲಿನಕ್ಸ್‌ನಲ್ಲಿ ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಪ್ಯಾಕೇಜ್ ಇದೆ. ಆ ಪ್ಯಾಕೇಜ್ ಹಾಕುವ ಮೊದಲೊಮ್ಮೆ, ಆಮೇಲೊಮ್ಮೆ ಯುಎಸ್‌ಬಿ ಪಟ್ಟಿ ನೋಡಿ. ಸಾಮಾನ್ಯವಾಗಿ ಅದೇ ಡಾಂಗಲ್‌ನ ಗುರುತಿನ ಸಂಖ್ಯೆಯೇ ಬದಲಾಗಿರುತ್ತದೆ.

ಇಂಟರ್ನೆಟ್ ಕಂಪನಿಗೆ ಡಯಲ್ ಮಾಡುವುದು ಮೋಡೆಮ್ಮೋ ಕಂಪ್ಯೂಟರೋ, ಮೊದಲೇ ತೀರ್ಮಾನಿಸಿ. ಮೋಡೆಮ್ಮೇ ಆದರೆ ಅದರಲ್ಲಿ ಪಿಪಿಪಿಒಇ (ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಹೆಸರು, ಪಾಸ್‌ವರ್ಡ್ ಕೊಟ್ಟು, ಕಂಪ್ಯೂಟರನ್ನು ಡಿಎಚ್‌ಸಿಪಿಗೆ (ವಿಳಾಸ ತಾನಾಗಿ ಪಡೆಯುವ ವ್ಯವಸ್ಥೆಗೆ) ಬಿಡಿ. ಮೋಡೆಮ್ ಬರೀ ಸೇತುವೆಯಾಗುವ ಬ್ರಿಡ್ಜ್ ಮೋಡ್ ಆದರೆ ಕಂಪ್ಯೂಟರೇ ಡಯಲ್ ಮಾಡಬೇಕು. ಆಗೊಂದು ಕಾಟ: ಕೆಲವು ತಾಣ ಸರಾಗವಾಗಿ ತೆರೆಯುತ್ತವೆ, ಕೆಲವು ಸುತ್ತುತ್ತಲೇ ಇರುತ್ತವೆ. ಪಿಪಿಪಿಒಇ 8 ಬೈಟ್ ಸುಂಕ ವಸೂಲಿ ಮಾಡುವುದರಿಂದ 1500ರ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492ಕ್ಕೆ ಇಳಿಯುತ್ತದೆ. ದೊಡ್ಡ ಪ್ಯಾಕೆಟ್ ಹಾದಿಯಲ್ಲೇ ಬೀಳುತ್ತದೆ, ಬಿದ್ದ ಸುದ್ದಿಯನ್ನು ಯಾವುದೋ ಫೈರ್‌ವಾಲ್ ನುಂಗಿರುತ್ತದೆ. ತುಂಡು ಮಾಡಬೇಡ ಎಂದು ಹೇಳಿ 1464 ಬೈಟ್‌ನ ಪಿಂಗ್ (ಪರೀಕ್ಷೆಯ ಪ್ಯಾಕೆಟ್) ಕಳಿಸಿ. ಅದು ಹೋಗಿ 1465 ಹೋಗದಿದ್ದರೆ 1492 ಸರಿ (ಮಿಕ್ಕ 28 ಬೈಟ್ ಹೆಡರ್‌ಗಳ ಪಾಲು).

ಇನ್ನು ಸಹಾಯವಾಣಿ. ಡಿಎಸ್‌ಎಲ್ ದೀಪ ಮಿನುಗುತ್ತಲೇ ಇದೆ, ನಿಲ್ಲುತ್ತಿಲ್ಲ ಎಂದು ಹೇಳಿ ನೋಡಿ.

‘ಸ್ಟಾರ್ಟ್ ಬಟನ್ ಒತ್ತಿ ಸರ್.’

‘ಇದು ಲಿನಕ್ಸ್ ಮೇಡಂ.’

‘ಸರಿ ಸರ್, ಅದರಲ್ಲೇ ಸ್ಟಾರ್ಟ್ ಬಟನ್ ಒತ್ತಿ.’

ಆ ದೀಪಕ್ಕೂ ಕಂಪ್ಯೂಟರಿಗೂ ನಂಟೇ ಇಲ್ಲ. ಕಂಪ್ಯೂಟರ್ ಆರಿಸಿಟ್ಟರೂ ಅದು ಮಿನುಗುತ್ತದೆ. ಮೋಡೆಮ್ಮಿಗೆ ಟೆಲಿಫೋನ್ ತಂತಿಯ ಸಂಕೇತವೇ ಸರಿಯಾಗಿ ಸಿಕ್ಕಿಲ್ಲ. ಆದರೂ ದೂರು ಮುಚ್ಚುವುದು ‘ಗ್ರಾಹಕರ ಆಪರೇಟಿಂಗ್ ಸಿಸ್ಟಂ ಹೊಂದುವುದಿಲ್ಲ’ ಎಂಬ ಷರಾದೊಂದಿಗೆ. ಫೋನಿಗೂ ಮೋಡೆಮ್ಮಿಗೂ ತಂತಿ ಬೇರ್ಪಡಿಸಬೇಕಾಗಿದ್ದ ಸ್ಪ್ಲಿಟರ್ ಮಾತ್ರ ಡಬ್ಬಿಯ ಮೂಲೆಯಲ್ಲಿ, ಆ ಸಿ.ಡಿ.ಯ ಅಡಿಯಲ್ಲೇ, ಪ್ಲಾಸ್ಟಿಕ್ ಕವರ್ ಬಿಚ್ಚದೆ ಕೂತಿರುತ್ತದೆ.