ನುಗ್ಗೆಕಾಯಿ ಹುಳಿ ಮತ್ತು ಐಸ್‌ಲ್ಯಾಂಡಿನ ಮಾಟಗಾತಿ

ಆರ್ಟ್ ಸಿನಿಮಾಗಳನ್ನು ಒಬ್ಬರೇ ಕೂತು ನೋಡಬೇಕು. ನಮ್ಮ ಮನೆಯಲ್ಲಂತೂ ಟಿವಿ ಒಂದು ನಿಮಿಷ ಸುಮ್ಮನಾದರೆ ಸಾಕು, ಉಳಿದವರೆಲ್ಲ ಶುರು ಮಾಡುತ್ತಾರೆ.

ಹಾಕಿದ್ದು ‘ದಿ ಜುನಿಪರ್ ಟ್ರೀ’. ಗ್ರಿಮ್ ಸಹೋದರರ ಕಥೆಯನ್ನಿಟ್ಟುಕೊಂಡು ನೀಚ್ಕಾ ಕೀನ್ ಅನ್ನೋ ಅಮೆರಿಕದ ನಿರ್ದೇಶಕಿ 1986ರಲ್ಲಿ ಐಸ್‌ಲ್ಯಾಂಡಿಗೆ ಹೋಗಿ ತೆಗೆದ ಸಿನಿಮಾ, ಹೊರಗೆ ಬಂದದ್ದು 1990ರಲ್ಲಿ. ಅದರಲ್ಲಿ ಹದಿಹರೆಯದ ಮಾರ್ಗಿಟ್ ಆಗಿರುವವಳು ಗಾಯಕಿ ಬ್ಯೋರ್ಕ್, ಆಗಿನ್ನೂ ಜಗತ್ತಿಗೆ ಗೊತ್ತಿರಲಿಲ್ಲ.

ಪೂರ್ತಿ ಕಪ್ಪು ಬಿಳುಪು. ಅಪ್ಪ ರಿಮೋಟ್ ಕಸಿದುಕೊಂಡು ಕಲರ್ ಸೆಟ್ಟಿಂಗ್ ಹುಡುಕತೊಡಗಿದರು. ಬಯಲಲ್ಲಿ ಗಾಳಿ ಭೋರ್ ಎಂದಿತು, ಅಮ್ಮ ಒಣಹಾಕಿದ ಬಟ್ಟೆ ತರಲು ಟೆರೇಸಿಗೆ ಓಡಿದರು. ಮೇಲೆ ಎಲೆಯೂ ಅಲ್ಲಾಡ್ತಿರಲಿಲ್ಲವಂತೆ, ಬಂದವರೇ ನನ್ನನ್ನು ಗುರಾಯಿಸಿದರು.

ಕಥೆ ಏನಪ್ಪಾ ಅಂದ್ರೆ, ಮಾಟಗಾತಿ ಅಂತ ತಾಯಿಯನ್ನು ಊರವರು ಸುಟ್ಟಿದ್ದಾರೆ, ಇಬ್ಬರು ಹೆಣ್ಣುಮಕ್ಕಳು ಓಡಿಹೋಗುತ್ತಾರೆ. ದೊಡ್ಡವಳು ಕಾಟ್ಲಾ, ಹೆಂಡತಿ ಸತ್ತ ರೈತನೊಬ್ಬನಿಗೆ ಮಂತ್ರ ಹಾಕಿ ಅವನ ಮನೆ ಸೇರುತ್ತಾಳೆ. ಅವನ ಮಗ ಯೋನಾಸ್‌ಗೆ ಮಲತಾಯಿ ಅಂದ್ರೆ ಆಗಲ್ಲ. ಚಿಕ್ಕವಳು ಮಾರ್ಗಿಟ್‌ಗೆ ಸತ್ತ ಅಮ್ಮ ಕಾಣಿಸುತ್ತಿರುತ್ತಾಳೆ. ನಾನು ಆ ದೃಶ್ಯಗಳನ್ನು ನೋಡಿ ಹದಿಹರೆಯದ ಒಂಟಿತನ, ಪ್ರತಿಮೆ ಅಂತೆಲ್ಲ ಯೋಚಿಸ್ತಿದ್ದರೆ, ಅಜ್ಜಿ, “ವರ್ಷಾಂತಿಕ ಸರಿಯಾಗಿ ಮಾಡಿಲ್ಲ, ಅದಕ್ಕೇ ಬರ್ತಾಳೆ” ಎಂದು ಮುಗಿಸಿಬಿಟ್ಟರು.

ಅಷ್ಟರಲ್ಲಿ ಊಟಕ್ಕೆ ಬಡಿಸಿದರು. ನುಗ್ಗೆಕಾಯಿ ಹುಳಿ. ಟಿವಿಯಲ್ಲಿ ಯೋನಾಸ್ ಬಂಡೆಯಿಂದ ಬಿದ್ದು ಸತ್ತಿದ್ದ, ಕಾಟ್ಲಾ ಸದ್ದಿಲ್ಲದೆ ಅವನ ಬೆರಳೊಂದನ್ನು ಕತ್ತರಿಸಿ ಅಡುಗೆಗೆ ಹಾಕಿದ್ದಳು. ನನ್ನ ತಂಗಿ ಬಾಯಲ್ಲಿದ್ದ ನುಗ್ಗೆಕಾಯಿಯನ್ನು ನಿಧಾನಕ್ಕೆ ಹೊರಗೆ ತೆಗೆದು, ತಿರುಗಿಸಿ ತಿರುಗಿಸಿ ನೋಡಿ, ತಟ್ಟೆಯ ಅಂಚಿಗೆ ಇಟ್ಟಳು. ಆಮೇಲೆ ಯಾರೂ ಹೋಳು ಮುಟ್ಟಲಿಲ್ಲ. ತಿಳಿ ಮಾತ್ರ ಹಾಕಿಸಿಕೊಂಡರು. ಅಜ್ಜಿಗೆ ಹಲ್ಲಿಲ್ಲ, ಹೋಳಿನ ಚಿಂತೆಯೇ ಇಲ್ಲ, ಆರಾಮಾಗಿ ಉಂಡರು.

ನಿಜ ಹೇಳಬೇಕಂದ್ರೆ ಸಿನಿಮಾ ಚೆನ್ನಾಗಿದೆ. ಮಾಟ ಅಂದಾಕ್ಷಣ ಹೊಗೆ, ಕೆಂಪು ಲೈಟು, ಕಿರುಚಾಟ ಇಲ್ಲ. ಬಯಲು, ಕಲ್ಲು, ಗಾಳಿ, ಮಧ್ಯೆ ಬ್ಯೋರ್ಕ್‌ಳ ಮುಖ. ಅದೇ ಸಾಕು. ಆದರೆ ಇದನ್ನೆಲ್ಲ ಹೇಳೋಕೆ ನಂಗೆ ಯಾರೂ ಅವಕಾಶ ಕೊಡಲಿಲ್ಲ. ರೈತ ನಿಜವಾಗಿಯೂ ಮಂತ್ರಕ್ಕೆ ಸಿಕ್ಕಿಬಿದ್ದನಾ ಅನ್ನೋದೇ ದೊಡ್ಡ ಚರ್ಚೆಯಾಯಿತು.

“ಮಂತ್ರಾನೂ ಇಲ್ಲ, ಮಣ್ಣೂ ಇಲ್ಲ” ಅಂದರು ಅಮ್ಮ. “ಬೇಯಿಸಿ ಹಾಕೋಕೆ ಒಬ್ಬಳು ಬೇಕಿತ್ತು ಅವನಿಗೆ, ಕಟ್ಟಿಕೊಂಡ.”

ಅಪ್ಪ ಆ ದಿನ ತಮ್ಮ ತಟ್ಟೆ ತಾವೇ ತೊಳೆದಿಟ್ಟರು.