ಈ ಗಾಡಿ ತಪ್ಪಿದರೆ ಮುಂದಿನದು ಯಾವಾಗ?

ಕಳೆದ ಬೇಸಿಗೆಯಲ್ಲಿ ಬೆಂಗಳೂರಿಗೆ, ಅಕ್ಕನ ಮನೆಗೆ ಹೋಗಿದ್ದೆ. ಮನೆ ಇರುವುದು ಹೊಸೂರು ರೈಲ್ವೆ ಲೈನಿನ ಹತ್ತಿರ. ಬೆಳಗ್ಗೆ ಎಂಟೂವರೆಗೆ ಭಾವನ ಸ್ಕೂಟರ್ ಹಿಂದೆ ಕೂತು ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ರೈಲ್ವೆ ಗೇಟ್ ಹಾಕಿತ್ತು. ಎರಡೂ ಕಡೆ ಬೈಕು, ಕಂಪನಿ ಬಸ್ಸು, ಶಾಲೆ ವ್ಯಾನು, ನೀರಿನ ಟ್ಯಾಂಕರ್. ಯಾವುದೋ ದೂರದೂರಿನ ಎಕ್ಸ್‌ಪ್ರೆಸ್ ಗಾಡಿ ನಿಲ್ಲದೆ ಹೋಯಿತು. ಅದು ಹೋದ ಮೇಲೆ ಹಳಿ ಪೂರ್ತಿ ಖಾಲಿ, ರಸ್ತೆ ಮಾತ್ರ ಮೊದಲಿನ ಹಾಗೇ ತುಂಬಿತ್ತು.

"ಭಾವ, ಇದೇ ಲೈನಿನಲ್ಲಿ ಆಫೀಸಿಗೆ ಹೋಗಬಹುದಲ್ವಾ?" ಅಂತ ಕೇಳಿದೆ.

"ಬೆಳಗ್ಗೆ ಒಂದು ಗಾಡಿ ಇದೆ ಕಣೋ. ಅದು ತಪ್ಪಿದ್ರೆ ಮುಗೀತು. ಅದನ್ನ ನಂಬ್ಕೊಂಡು ಕೆಲಸಕ್ಕೆ ಹೋಗೋಕಾಗುತ್ತಾ?"

ಆ "ನಂಬ್ಕೊಂಡು" ಅನ್ನುವ ಮಾತು ನನ್ನ ತಲೆಯಲ್ಲಿ ಹಾಗೇ ಉಳಿದುಬಿಟ್ಟಿತು.

ನಾನು ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಇಲ್ಲಿಂದ ಮುಂಬೈನ ದೊಡ್ಡ ಸ್ಟೇಷನ್ ಸಿಎಸ್‌ಎಂಟಿಗೆ ಸುಮಾರು 48 ಕಿ.ಮೀ. ಬೈಯಪ್ಪನಹಳ್ಳಿಯಿಂದ ಹೊಸೂರಿಗೂ ಹೆಚ್ಚೂಕಡಿಮೆ ಅಷ್ಟೇ ದೂರ. ಅಷ್ಟು ದೂರ ದಿನಾ ಹೋಗಿ ಬರುತ್ತೇನೆ ಅಂದರೆ ಬೆಂಗಳೂರಿನವರು ಅಯ್ಯೋ ಅನ್ನುತ್ತಾರೆ, ಇಲ್ಲಿ ಅದು ಯಾರಿಗೂ ದೊಡ್ಡ ಮಾತೇ ಅಲ್ಲ, ಯಾಕೆಂದರೆ ಒಂದು ಲೋಕಲ್ ರೈಲು ತಪ್ಪಿದರೆ ನಾಲ್ಕೈದು ನಿಮಿಷಕ್ಕೆ ಇನ್ನೊಂದು ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಮೇಲೆ ಇಂಡಿಕೇಟರ್‌ನಲ್ಲಿ ಎಲ್ಲಿಗೆ ಹೋಗುವ ಗಾಡಿ, ಸ್ಲೋನಾ ಫಾಸ್ಟಾ, ಎಷ್ಟು ಡಬ್ಬಿ, ಇನ್ನೆಷ್ಟು ನಿಮಿಷ ಎಲ್ಲಾ ಇರುತ್ತದೆ. ಜನ ತಮ್ಮ ಬಾಗಿಲು ಬಂದು ನಿಲ್ಲುವ ಜಾಗದಲ್ಲೇ ನಿಂತಿರುತ್ತಾರೆ. ಒಳಗೆ ಹೋದವರು ಕೂತವರನ್ನು "ಎಲ್ಲಿ ಇಳಿತೀರಿ?" ಅಂತ ಕೇಳಿ ಆ ಸೀಟು ತಮಗೆ ಅಂತ ಮಾತಾಡಿಕೊಳ್ಳುತ್ತಾರೆ. ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಒಂಚೂರು ಸರಿದು ಜಾಗ ಕೊಡುತ್ತಾರೆ. ಇದನ್ನೆಲ್ಲ ಯಾರೂ ಕೂತು ಕಲಿಸಿದ್ದಲ್ಲ. ಗಾಡಿ ಬಂದೇ ಬರುತ್ತದೆ ಅನ್ನುವ ಧೈರ್ಯ ಇದ್ದಲ್ಲಿ ಜನ ತಮ್ಮ ದಿನವನ್ನೇ ಅದರ ಸುತ್ತ ಕಟ್ಟಿಕೊಳ್ಳುತ್ತಾರೆ. ಮನೆ ಎಲ್ಲಿ ಮಾಡಬೇಕು, ಮಕ್ಕಳನ್ನು ಯಾವ ಕಾಲೇಜಿಗೆ ಹಾಕಬೇಕು ಅನ್ನೋದು ಕೂಡ ಲೋಕಲ್ ನೋಡಿಯೇ.

ಬೆಂಗಳೂರಿನಲ್ಲಿ ಒಂದು ಮಾತು ಪದೇ ಪದೇ ಕೇಳಿದ್ದೇನೆ: "ಗಾಡಿ ಬಿಟ್ಟು ನೋಡಿದ್ವಿ, ಜನಾನೇ ಬರಲ್ಲ." ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹತ್ತಿರ ಹಾಲ್ಟ್ ಸ್ಟೇಷನ್ ಶುರುವಾಯಿತು. ಟಿಕೆಟ್ ಅಗ್ಗ, ಅಲ್ಲಿಂದ ಟರ್ಮಿನಲ್‌ಗೆ ಬಸ್ಸು. ಒಳ್ಳೇ ಕೆಲಸವೇ. ಆದರೆ ದಿನಕ್ಕೆ ಕೈಬೆರಳಲ್ಲಿ ಎಣಿಸುವಷ್ಟು ಗಾಡಿ. ವಿಮಾನ ಹಿಡಿಯುವವರಿಗೆ ಬೇಕಾದ ಹೊತ್ತಿಗೆ ಗಾಡಿ ಇಲ್ಲದಿದ್ದರೆ, ಗಾಡಿ ಇರುವ ಹೊತ್ತಿಗೆ ವಿಮಾನ ಹಿಡಿಯೋಕಾಗುತ್ತಾ? ಅದೇ ಬೆಂಗಳೂರಿಗೆ ಬಂಗಾರಪೇಟೆ, ಮಾಲೂರು ಕಡೆಯಿಂದ ಬರುವ ಬೆಳಗಿನ ಮೆಮು ಗಾಡಿಗಳನ್ನು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು) ನೋಡಿ. ಕಾಲಿಡಲು ಜಾಗ ಇರಲ್ಲ. ಜನ ಅವೇ ಜನ, ಗಾಡಿಯ ಹೊತ್ತು ಮಾತ್ರ ಬೇರೆ.

ಮುಂಬೈನಲ್ಲೂ ಇದೇ ಆಗಿತ್ತು. 2017ರ ಡಿಸೆಂಬರ್ 25ರಂದು ಮೊದಲ ಏಸಿ ಲೋಕಲ್ ಪಶ್ಚಿಮ ರೈಲ್ವೆಯಲ್ಲಿ ಓಡಿತು. ಟಿಕೆಟ್ ದುಬಾರಿ, ಗಾಡಿಗಳು ಬೆರಳೆಣಿಕೆ. ಎಷ್ಟೋ ಹೊತ್ತು ಸೀಟುಗಳು ಖಾಲಿ ಹೋಗುತ್ತಿದ್ದವು. ನಮ್ಮ ಜನಕ್ಕೆ ಏಸಿ ಬೇಡ ಅಂತ ಹೇಳಿದವರೂ ಇದ್ದರು. 2022ರ ಮೇ ತಿಂಗಳಲ್ಲಿ ಒಂದು ಸಲದ ಟಿಕೆಟ್ ದರ ಅರ್ಧಕ್ಕೆ ಇಳಿಸಿದರು, ಗಾಡಿಗಳನ್ನೂ ಹೆಚ್ಚಿಸುತ್ತಾ ಹೋದರು. ಈಗ ಆ ಏಸಿ ಗಾಡಿಯಲ್ಲೂ ಬೆಳಗ್ಗೆ ನಿಂತೇ ಹೋಗಬೇಕು. ಗಾಡಿ ಖಾಲಿ ಹೋದಾಗ ಅದನ್ನು ನಿಲ್ಲಿಸಲಿಲ್ಲ, ಯಾಕೆ ಖಾಲಿ ಅಂತ ಹುಡುಕಿದರು. ಈ ಒಂದು ಬುದ್ಧಿಯನ್ನು ಬೆಂಗಳೂರು ಇಲ್ಲಿಂದ ತೆಗೆದುಕೊಳ್ಳಬೇಕು.

ಬೆಂಗಳೂರಿನ ಹೊಸ ಉಪನಗರ ರೈಲಿನ ಮೇಲೆ ನನಗೂ ತುಂಬಾ ಆಸೆ ಇದೆ. "ಚುಕುಬುಕು ಬೇಕು" ಅಂತ ಜನ ಬೀದಿಗಿಳಿದು ಕೇಳಿದ ಮೇಲೆ, ಅಂತೂ 2020ರ ಅಕ್ಟೋಬರ್‌ನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಸುಮಾರು 148 ಕಿ.ಮೀ., 15,767 ಕೋಟಿ ರೂಪಾಯಿ, ನಾಲ್ಕು ಲೈನು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಎಷ್ಟು ಚೆಂದದ ಹೆಸರುಗಳು! ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವ ಕನಕ ಲೈನು ನಮ್ಮ ಅಕ್ಕನ ಮನೆಯ ಕಡೆಯದು. 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದಾಗ 40 ತಿಂಗಳಲ್ಲಿ ಮುಗಿಸುವ ಮಾತು ಬಂತು. ಆ 40 ತಿಂಗಳು 2025ರ ಅಕ್ಟೋಬರ್‌ಗೇ ಮುಗಿಯಿತು. ನಡುವೆ ದೊಡ್ಡ ಗುತ್ತಿಗೆದಾರರೂ ಕೆಲಸ ಬಿಟ್ಟು ಹೋದರು.

ಹೊಸ ಲೈನು ಬರಲಿ, ಬರಲೇಬೇಕು. ಆದರೆ ಅದು ಬರುವವರೆಗೆ ಇರುವ ಹಳಿಯನ್ನು ಸುಮ್ನೆ ಬಿಟ್ಟುಕೊಂಡು ಕೂರುವುದು ಯಾಕೆ? ಹೊಸೂರು ಕಡೆ ಒಂಟಿ ಹಳಿ ಇದ್ದದ್ದರಿಂದ ಕಷ್ಟ ಇತ್ತು, ಒಪ್ಪುತ್ತೇನೆ. ಒಂಟಿ ಹಳಿಯಲ್ಲಿ ಎದುರಿನಿಂದ ಗಾಡಿ ಬಂದರೆ ಒಂದು ಸ್ಟೇಷನ್‌ನಲ್ಲಿ ಕಾಯಲೇಬೇಕು. ಅದಕ್ಕೇ ಜೋಡಿ ಹಳಿ ಕೆಲಸ ಹಿಡಿದಿದ್ದಾರೆ. ಜೋಡಿ ಹಳಿ ಬಿದ್ದಷ್ಟು ದೂರಕ್ಕಾದರೂ ಬೆಳಗ್ಗೆ, ಸಂಜೆ ಅರ್ಧ ಗಂಟೆಗೊಂದು ಗಾಡಿ ಬಿಡಲಿ. ಮಧ್ಯಾಹ್ನ ಗಂಟೆಗೊಂದಾದರೂ ಇರಲಿ. ಮಧ್ಯಾಹ್ನದ್ದು ಖಾಲಿ ಹೋದರೂ ಪರವಾಗಿಲ್ಲ, ನಡುವೆ ಮನೆಗೆ ಹೊರಡಬೇಕಾಗಿ ಬಂದರೆ ಒಂದು ಗಾಡಿ ಇದೆ ಅಂತ ಗೊತ್ತಿದ್ದರೆ ಮಾತ್ರ ಜನ ಬೆಳಗ್ಗೆ ಸ್ಕೂಟರ್ ಮನೆಯಲ್ಲಿ ಬಿಟ್ಟು ಬರುತ್ತಾರೆ. ಮತ್ತೆ ಹೊತ್ತು ನೆನಪಿರುವ ಹಾಗಿರಲಿ. 7.10, 7.40, 8.10. ಒಂದು ದಿನ ಎಂಟಕ್ಕೆ, ಇನ್ನೊಂದು ದಿನ ಒಂಬತ್ತಕ್ಕೆ ಬಂದರೆ ಆ ಗಾಡಿ ಇದ್ದೂ ಇಲ್ಲದ ಹಾಗೆ.

ಮುಂಬೈ ಕೂಡ ಒಂದೇ ದಿನಕ್ಕೆ ಮುಂಬೈ ಆಗಲಿಲ್ಲ. 1925ರ ಫೆಬ್ರವರಿ 3ರಂದು ಇಲ್ಲಿ ಮೊದಲ ವಿದ್ಯುತ್ ಲೋಕಲ್ ಓಡಿದ್ದು ಕುರ್ಲಾವರೆಗೆ ಮಾತ್ರ, ಅದೂ ನಾಲ್ಕೇ ಡಬ್ಬಿ. ಆಮೇಲೆ ಒಂಬತ್ತು, ಹನ್ನೆರಡು, ಈಗ ಹದಿನೈದು. ಠಾಣೆ ಮತ್ತು ದಿವಾ ನಡುವೆ ಐದನೇ, ಆರನೇ ಹಳಿ ಬಂದದ್ದು 2022ರಲ್ಲಿ. ದೂರದೂರಿನ ಗಾಡಿಗೆ ಬೇರೆ ದಾರಿ ಆದಮೇಲೆ ಲೋಕಲ್‌ಗೆ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿತು.

ಇನ್ನೊಂದು ವಿಷಯ, ಸ್ಟೇಷನ್‌ನಿಂದ ಹೊರಗೆ ಬಂದ ಮೇಲಿನ ಕತೆ. ಮುಂಬೈನ ಘಾಟ್‌ಕೋಪರ್‌ನಲ್ಲಿ ಲೋಕಲ್ ಇಳಿದು ಸೇತುವೆ ಹತ್ತಿದರೆ ಅಲ್ಲೇ ಮೆಟ್ರೋ. ರಸ್ತೆಗೆ ಇಳಿಯುವ ಕೆಲಸವೇ ಇಲ್ಲ. ಬೈಯಪ್ಪನಹಳ್ಳಿಯ ಹೊಸ ಟರ್ಮಿನಲ್ 2022ರ ಜೂನ್‌ನಲ್ಲಿ ಶುರುವಾದಾಗ ಮೆಟ್ರೋದಿಂದ ಅಲ್ಲಿಗೆ ಅಂಥ ನೇರ ದಾರಿ ಇರಲಿಲ್ಲ. ಅಷ್ಟು ಒಳ್ಳೇ ಕಟ್ಟಡ, ಆದರೆ ಚೀಲ ಹೊತ್ತ ಅಮ್ಮನಿಗೆ ಆಟೋದವರ ಜೊತೆ ಚೌಕಾಸಿ. ಸಣ್ಣ ಸ್ಟೇಷನ್‌ಗಳ ಕಡೆ ಇನ್ನೂ ಜಾಸ್ತಿ ಗಮನ ಬೇಕು. ಎರಡೂ ಬದಿಗೆ ಬಾಗಿಲು, ದೀಪ, ಗಾಡಿ ಹೊತ್ತಿಗೆ ಸರಿಯಾಗಿ ಬರುವ ಒಂದು ಸಣ್ಣ ಬಸ್ಸು. ಇದಕ್ಕೆ ಸಾವಿರ ಕೋಟಿ ಬೇಡ.

ಹಾಗಂತ ಮುಂಬೈನ ಎಲ್ಲವನ್ನೂ ತರಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಇಲ್ಲಿ ಬಾಗಿಲು ಮುಚ್ಚದ ಗಾಡಿಗಳಿಂದ ಬಿದ್ದು ಜನ ಸಾಯುತ್ತಾರೆ. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ಬಾಗಿಲಲ್ಲಿ ಜೋತುಬಿದ್ದವರು ಹಳಿಗೆ ಬಿದ್ದು ಸತ್ತರು. ಅದು ನಾನು ದಿನಾ ಹೋಗುವ ದಾರಿ. ಆ ವಾರವಿಡೀ ಅಲ್ಲಿ ಗಾಡಿ ತಿರುಗುವಾಗ ಡಬ್ಬಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಬೆಂಗಳೂರಿನ ಮೊದಲ ಉಪನಗರ ಗಾಡಿ ತಾನಾಗಿ ಮುಚ್ಚುವ ಬಾಗಿಲಿನ ಜೊತೆಗೇ ಬರಲಿ.

ಹಾಗೇ ಮೇಲ್ಸೇತುವೆ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಕಿರಿದಾದ ಸೇತುವೆಯಲ್ಲಿ, ಮಳೆ ಬರುತ್ತಿದ್ದ ಹೊತ್ತಿನಲ್ಲಿ, ಕಾಲ್ತುಳಿತಕ್ಕೆ 23 ಜನ ಸತ್ತರು. ಸುತ್ತಲಿನ ಹಳೇ ಗಿರಣಿಗಳ ಜಾಗದಲ್ಲಿ ಆಫೀಸುಗಳು ಎದ್ದಿದ್ದವು, ಸೇತುವೆ ಮಾತ್ರ ಹಳೇ ಅಗಲದ್ದೇ. ಬೆಂಗಳೂರಿನ ಹೊಸ ಸ್ಟೇಷನ್‌ಗಳ ನಕ್ಷೆ ಸಿಕ್ಕರೆ ಮೇಲ್ಸೇತುವೆ ಎಷ್ಟು ಅಗಲ, ಎಷ್ಟು ಕಡೆ ಮೆಟ್ಟಿಲು ಇಳಿಯುತ್ತದೆ ಅಂತ ಈಗಲೇ ಕೇಳಿ. ಗಾಡಿ ಓಡಲು ಶುರುವಾದ ಮೇಲೆ, ಮೇಲೆ ವಿದ್ಯುತ್ ತಂತಿ, ಕೆಳಗೆ ಜನ ಇಟ್ಟುಕೊಂಡು ಒಂದು ಸೇತುವೆ ಅಗಲ ಮಾಡುವುದಕ್ಕೆ ಎಷ್ಟು ತಿಂಗಳು ಹಿಡಿಯುತ್ತದೆ ಅಂತ ನಾವಿಲ್ಲಿ ನೋಡುತ್ತಲೇ ಇದ್ದೇವೆ.