ಗಾಳಿ ಗುದ್ದಿ ಮೈ ನೋಯಿಸಿಕೊಂಡಿದ್ದು

ನನ್ನ ಹೆಂಡತಿಯ ತಮ್ಮ ಕೆನಡಾದ ಕ್ಯಾಲ್ಗರಿಗೆ ಬಂದ ಮೂರನೆಯ ಚಳಿಗಾಲದಲ್ಲಿ ಎರಡು ಹಳೆಯ ಸ್ನೋಮೊಬೈಲ್ ಕೊಂಡ. ಒಂದು ತನಗೆ, ಇನ್ನೊಂದು ನನಗೆ. ನನಗೆ ಬೇಕೇ ಎಂದು ಯಾರೂ ಕೇಳಲಿಲ್ಲ. "ಭಾವ, ನೀವು ಬರದಿದ್ದರೆ ಅಕ್ಕ ನನ್ನನ್ನು ಕಳಿಸುವುದಿಲ್ಲ" ಎಂದ. ನಾನು ಜೊತೆಗಿದ್ದರೆ ತಮ್ಮ ಕ್ಷೇಮವಾಗಿರುತ್ತಾನೆ ಎಂದು ಇವಳು ಯಾವ ಆಧಾರದ ಮೇಲೆ ನಂಬಿದ್ದಾಳೋ, ಮದುವೆಯಾಗಿ ಹದಿನಾಲ್ಕು ವರ್ಷವಾದರೂ ನಾನು ವಿಚಾರಿಸಲು ಹೋಗಿಲ್ಲ. ಹೆಂಡತಿಗೆ ನಮ್ಮ ಬಗ್ಗೆ ಒಂದು ಒಳ್ಳೆಯ ಭ್ರಮೆ ಇದ್ದರೆ ಅದನ್ನು ಕೆದಕಬಾರದು.

ಇಲ್ಲಿನವರು ಸ್ಲೆಡ್ ಎಂದು ಕರೆಯುವ ಈ ಬಂಡಿ ಹಿಮದ ಮೇಲೆ ಹುಲಿ, ಡಾಂಬರಿನ ಮೇಲೆ ಹೊರೆ. ಪೆಟ್ರೋಲ್ ತುಂಬಿದರೆ ಒಂದೊಂದೂ ಇನ್ನೂರೈವತ್ತು ಕಿಲೋದ ಆಸುಪಾಸು ತೂಗುತ್ತದೆ. ಅದನ್ನು ಹಿಮದವರೆಗೆ ನಾವು ಹೊತ್ತುಕೊಂಡು ಹೋಗಬೇಕು, ಆಮೇಲೆ ಅದು ನಮ್ಮನ್ನು ಹೊರುತ್ತದೆ. ಶ್ರೀಮಂತರು ಬೀಗ ಹಾಕುವ ಪೆಟ್ಟಿಗೆಯಂಥ ಟ್ರೈಲರಿನಲ್ಲಿ ಒಯ್ಯುತ್ತಾರೆ. ಶೋಕಿಲಾಲರು ಪಿಕಪ್ ಟ್ರಕ್ಕಿನ ಬೆನ್ನಿನ ಮೇಲೆ ಅಟ್ಟದಂಥ ಡೆಕ್ ಕೂಡಿಸಿ ಅದರ ಮೇಲೆ ಏರಿಸುತ್ತಾರೆ. ನಮ್ಮದು ಬಾಡಿಗೆಗೆ ತಂದ ಬಯಲು ಟ್ರೈಲರ್.

ಹೊರಟಿದ್ದು ಕ್ರೋಸ್‌ನೆಸ್ಟ್ ಪಾಸ್ ಎಂಬ ಬೆಟ್ಟದ ಕಣಿವೆಯ ಕಡೆಗೆ, ರಾಕಿ ಪರ್ವತಗಳ ಬುಡದಲ್ಲೇ ದಕ್ಷಿಣಕ್ಕೆ ಇಳಿಯುವ 22ನೆಯ ಹೆದ್ದಾರಿಯಲ್ಲಿ. ಅಂದು ಬೆಳಿಗ್ಗೆ ಪಶ್ಚಿಮದ ಆಕಾಶದಲ್ಲಿ ಮೋಡವೊಂದು ಕಮಾನು ಕಟ್ಟಿತ್ತು. ಕಮಾನಿನ ಕೆಳಗೆ ತೊಳೆದಿಟ್ಟಂಥ ನೀಲಿ. ಇಲ್ಲಿ ಹುಟ್ಟಿ ಬೆಳೆದವರು ಆ ಕಮಾನು ಕಂಡರೆ ಅಂಗಳದ ಕಸದ ಡಬ್ಬಿಯನ್ನು ಒಳಗೆ ತರುತ್ತಾರೆ. ನಾನು ಫೋಟೋ ತೆಗೆದು ಗದಗಿನ ಬಳಗಕ್ಕೆಲ್ಲ ಕಳಿಸಿದೆ. ಅದು ಚಿನೂಕ್ ಗಾಳಿಯ ತೋರಣ. ಶಾಂತಸಾಗರದಿಂದ ಬರುವ ಗಾಳಿ ಬೆಟ್ಟದ ಆಚೆ ಮಗ್ಗುಲಲ್ಲಿ ಮಳೆ, ಹಿಮ ಸುರಿಸಿ ಕೈ ಖಾಲಿ ಮಾಡಿಕೊಂಡು, ಈಚೆ ಇಳಿಯುವಾಗ ಕಿಲೋಮೀಟರಿಗೆ ಸುಮಾರು ಹತ್ತು ಡಿಗ್ರಿಯಂತೆ ಬಿಸಿಯಾಗುತ್ತದೆ. ನಾವು ಹೋಗುತ್ತಿದ್ದ ದಾರಿಗೆ ಹತ್ತಿರವೇ ಇರುವ ಪಿಂಚರ್ ಕ್ರೀಕ್‌ನಲ್ಲಿ 1962ರ ಜನವರಿ 10ರಂದು ಒಂದೇ ಗಂಟೆಯಲ್ಲಿ ಉಷ್ಣಾಂಶ ಮೈನಸ್ 19ರಿಂದ 22ಕ್ಕೆ ಏರಿತ್ತು. ಇವೆಲ್ಲ ನಾನು ಮನೆಗೆ ಮರಳಿದ ಮೇಲೆ ಓದಿಕೊಂಡ ಸಂಗತಿಗಳು. ನನ್ನ ಜ್ಞಾನೋದಯವೆಲ್ಲ ಹಾಗೆಯೇ, ಬಾಡಿಗೆ ಕೊಟ್ಟ ಮೇಲೆ.

ಸ್ಲೆಡ್‌ಗಳನ್ನು ಏರಿಸಿದವನು ಭಾಮೈದ. ಮುಂದಿನ ತಡೆಗೆ ಮೂತಿ ತಗುಲೀತೆಂದು ಹೆದರಿ ಎರಡು ಅಡಿ ಹಿಂದೆಯೇ ನಿಲ್ಲಿಸಿದ. ಸ್ಲೆಡ್ಡಿನ ಮುಂಗಾಲಿನಂಥ ಸ್ಕೀಗಳನ್ನು ಒತ್ತಿ ಹಿಡಿಯುವ ಕಂಬಿಯನ್ನೂ ಹಿಂದಿನ ತೂತುಗಳಿಗೆ ಸರಿಸಿದ. ಪೆಟ್ರೋಲ್ ಕ್ಯಾನು, ಹಾರೆ ಸಲಿಕೆ, ಸಾಮಾನಿನ ಪೆಟ್ಟಿಗೆ ಎಲ್ಲ ಬಾಲದ ಕಡೆಗೆ ಸೇರಿದವು. ಹಿಡಿಕೆ ಆಡಿಸಿ ಬಿಗಿಯುವ ರ್ಯಾಚೆಟ್ ಪಟ್ಟಿಯನ್ನು ತಲಾ ಒಂದು ಬಿಗಿದು, "ಭಾವ, ಇನ್ನು ಭೂಕಂಪವಾದರೂ ಅಲುಗುವುದಿಲ್ಲ" ಎಂದ. ಭೂಕಂಪದ ಮಾತು ನಿಜವಿರಬಹುದು. ಅಂದು ಆಗಲಿಲ್ಲ.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಲೇಬೇಕು. ಡಂಬಳದ ಕಡೆಯ ಸೋದರಮಾವನ ಊರಿನಲ್ಲಿ ರಜೆಗಳನ್ನೆಲ್ಲ ಕಳೆದವನು ನಾನು. ಚಕ್ಕಡಿಗೆ ಕಣಿಕೆ ಹೇರುವಾಗ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಆಗ ಮಾವ ನನ್ನನ್ನು ಎತ್ತಿ ಮೂಕಿಯ ಮೇಲೆ ಕೂಡಿಸುತ್ತಿದ್ದ. ಬಾಳಿನಲ್ಲಿ ನನ್ನ ತೂಕಕ್ಕೆ ಬೆಲೆ ಬಂದದ್ದು ಆ ದಿನಗಳಲ್ಲಿ ಮಾತ್ರ. ಟ್ರೈಲರಿನ ಶಾಸ್ತ್ರವೂ ಅದೇ. ಒಟ್ಟು ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಹಿಚ್, ಎಂದರೆ ಟ್ರೈಲರನ್ನು ವಾಹನಕ್ಕೆ ಸೇರಿಸುವ ಕೊಂಡಿಯ ಮೇಲೆ ಕೂತಿರಬೇಕು. ನಮ್ಮದು ಎಂಟುನೂರು ಕಿಲೋ ಎಂದುಕೊಂಡರೆ ಎಂಬತ್ತಕ್ಕೆ ಕಡಿಮೆ ಇರಬಾರದು. ನಮ್ಮ ಹಿಚ್ ಮೇಲೆ ಅಂದು ಕೂತಿದ್ದದ್ದು ಬಹುಶಃ ಭಾಮೈದನ ಆತ್ಮವಿಶ್ವಾಸವೊಂದೇ. ಎತ್ತು ಇಲ್ಲದ ಗಾಡಿಗೆ ಮಾವನ ಪಾಠ ಅನ್ವಯಿಸುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಲಾಂಗ್‌ವ್ಯೂ ದಾಟುವವರೆಗೆ ಸುಖವಾಗಿತ್ತು. ಆಮೇಲೆ ಹಿಂದಿನಿಂದ ಒಂದು ನಾದ ಕೇಳತೊಡಗಿತು. ವೀರೇಶ್ವರ ಪುಣ್ಯಾಶ್ರಮ ಇರುವ ಊರಿನಲ್ಲಿ ಬೆಳೆದವನು ನಾನು, ಹಾಡಲು ಬಾರದಿದ್ದರೂ ತಂಬೂರಿಯ ಗುರುತು ಸಿಗುತ್ತದೆ. ಮಂದ್ರದಲ್ಲಿ ಒಂದೇ ಸಮನೆ ಮೊರೆಯುತ್ತಿತ್ತು. ವೇಗ ಹೆಚ್ಚಿಸಿದರೆ ಶ್ರುತಿ ಏರುತ್ತಿತ್ತು. ನಾನು ತಲೆದೂಗುತ್ತಾ ಹತ್ತು ಕಿಲೋಮೀಟರ್ ಓಡಿಸಿದೆ. ಚಪ್ಪಟೆಯಾಗಿ ಎಳೆದು ಕಟ್ಟಿದ ಪಟ್ಟಿ ಗಾಳಿಗೆ ಅದುರುವ ಸದ್ದು ಅದು. ಹಾಗೆ ಅದುರಿ ಅದುರಿಯೇ ಸವೆಯುತ್ತದೆ, ಸಡಿಲವಾಗುತ್ತದೆ. ಕಟ್ಟುವಾಗ ಒಂದು ಸುತ್ತು ತಿರುಚಿದ್ದರೆ ಮೌನವಾಗಿರುತ್ತಿತ್ತು. ಕಛೇರಿ ಮುಗಿಯುವ ಮೊದಲೇ ಫಟ್ಟೆಂದು ಒಂದು ಸ್ಲೆಡ್ಡಿನ ಹೊದಿಕೆ ಕಿತ್ತುಕೊಂಡು, ಕನ್ನಡಿಯಲ್ಲಿ ಒಂದು ಕ್ಷಣ ದೊಡ್ಡ ಬಾವಲಿಯಂತೆ ಕಾಣಿಸಿ, ಪಕ್ಕದ ಹುಲ್ಲುಗಾವಲಿನ ಕಡೆಗೆ ಹಾರಿಹೋಯಿತು. "ಭಾವ, ನಿಮ್ಮ ಸ್ಲೆಡ್ಡಿನದು" ಎಂದ ಭಾಮೈದ. ಅಲ್ಲಿಯವರೆಗೆ ಯಾವುದು ಯಾರದು ಎಂದು ತೀರ್ಮಾನವಾಗಿರಲಿಲ್ಲ.

ರಸ್ತೆ ಉತ್ತರದಿಂದ ದಕ್ಷಿಣಕ್ಕೆ, ಗಾಳಿ ಪಶ್ಚಿಮದಿಂದ. ಎಂದರೆ ದಾರಿಯುದ್ದಕ್ಕೂ ಪಕ್ಕೆಗೇ ಗುದ್ದು. ಚೈನ್ ಲೇಕ್ಸ್ ದಾಟಿ ಒಂದು ದಿಬ್ಬದ ಮರೆಯಿಂದ ಬಯಲಿಗೆ ಬಿದ್ದೆವು, ಟ್ರೈಲರಿನ ಬಾಲ ಎಡಕ್ಕೆ ಹೋಯಿತು. ಬಲಕ್ಕೆ ಬಂತು. ಮತ್ತೆ ಎಡಕ್ಕೆ, ಮೊದಲಿಗಿಂತ ದೂರ. ಜಾತ್ರೆಯಲ್ಲಿ ಕುಡಿದವನನ್ನು ಮನೆಗೆ ಎಳೆದೊಯ್ಯುವಾಗ ಅವನೇ ನಮ್ಮನ್ನು ಎಳೆಯುತ್ತಾನಲ್ಲ, ಹಾಗೆ. "ಬ್ರೇಕ್ ಹಾಕಿ ಭಾವ, ಬ್ರೇಕ್!" ಎಂದು ಇವನು ಕೂಗಿದ. ನನ್ನ ಕಾಲು ಆಕ್ಸಿಲರೇಟರ್ ಬಿಟ್ಟು ಹೊರಟದ್ದು ನಿಜ, ಆದರೆ ಹೆದರಿಕೆಗೆ ಮರಗಟ್ಟಿ ಎರಡು ಪೆಡಲ್‌ಗಳ ನಡುವೆ ಗಾಳಿಯಲ್ಲೇ ನಿಂತಿತು. ಕೈಗಳೂ ಸ್ಟಿಯರಿಂಗನ್ನು ತಿರುಗಿಸುವ ಶಕ್ತಿ ಕಳೆದುಕೊಂಡು ಸುಮ್ಮನೆ ಹಿಡಿದುಕೊಂಡಿದ್ದವು. ವಾಹನ ತಾನಾಗಿ ನಿಧಾನವಾಗಿ, ಓಲಾಟ ತಾನಾಗಿ ಇಳಿಯಿತು. ಬಲ್ಲವರು ಹೇಳುವ ಸರಿಯಾದ ಕ್ರಮವೂ ಅದೇ: ಬ್ರೇಕ್ ತುಳಿಯಬಾರದು, ಚಕ್ರ ತಿರುಗಿಸಬಾರದು, ವೇಗ ತಾನಾಗಿ ಇಳಿಯಲು ಬಿಡಬೇಕು. ಬ್ರೇಕ್ ಒತ್ತಿದ್ದರೆ ಟ್ರೈಲರ್ ನಮ್ಮನ್ನೇ ಮಡಚಿ ಹಾಕುತ್ತಿತ್ತು. ಎಂಥ ಸಮಚಿತ್ತ ಎಂದು ಭಾಮೈದ ಈಗಲೂ ಬಂದವರೆದುರು ಹೊಗಳುತ್ತಾನೆ. ನಾನು ವಿನಯದಿಂದ ಚಹಾ ಕುಡಿಯುತ್ತೇನೆ.

ರಸ್ತೆಯಂಚಿನ ಅಗಲವಾದ ಜಾಗದಲ್ಲಿ ನಿಲ್ಲಿಸಿದೆವು. ಬಾಗಿಲನ್ನು ನಾನು ತೆರೆಯಲಿಲ್ಲ, ಗಾಳಿ ಕೈಯಿಂದ ಕಿತ್ತುಕೊಂಡು ಬಿಚ್ಚಿತು. ಸೀಟಿನ ಮೇಲೆ ಅವ್ವ ಕಳಿಸಿದ್ದ ಖಡಕ್ ರೊಟ್ಟಿಯ ಕಟ್ಟು ಬಿಚ್ಚಿಕೊಂಡಿತ್ತು. ಆಲ್ಬರ್ಟಾದ ಬಯಲಿನ ಮೇಲೆ ಎಂಟು ಜೋಳದ ರೊಟ್ಟಿಗಳು ಸಾಲಾಗಿ ಹಾರುತ್ತ ಹೋದ ದೃಶ್ಯವನ್ನು ಕಂಡವರು ನಾವಿಬ್ಬರೇ ಮತ್ತು ಬೇಲಿಯಾಚೆಯ ಕೆಲವು ದನಗಳು. ಒಂದು ದನ ಹಿಂಬಾಲಿಸಿತು. ಗುರೆಳ್ಳು ಚಟ್ನಿಯ ಪುಡಿ ನೇರವಾಗಿ ನನ್ನ ಕಣ್ಣಿಗೆ ಬಂತು. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದವರು ಯಾವ ಕಡೆ ನಿಂತು ಹೇಳಿದರೋ ತಿಳಿಯದು.

ನೀರು ಸುರಿಯುವ ಕಣ್ಣಿನಲ್ಲೇ ಸ್ಲೆಡ್‌ಗಳನ್ನು ಮುಂದಕ್ಕೆ ತಳ್ಳಿ, ಕ್ಯಾನು, ಪೆಟ್ಟಿಗೆಗಳನ್ನು ಮುಂದಕ್ಕೆ ಹೊತ್ತು ಹಾಕಿ, ಹಿಂದಿನ ಬಂಪರಿಗೆ ಎರಡೆರಡು ಪಟ್ಟಿ ತಿರುಚಿ ಬಿಗಿದೆವು. ಅಷ್ಟರಲ್ಲಿ ಡೆಕ್ ಹಾಕಿದ ಟ್ರಕ್ಕೊಂದು, ತಲೆಯ ಮೇಲೆ ಎರಡು ಸ್ಲೆಡ್ ಹೊತ್ತು, ದೀಪ ಮಿನುಗಿಸುತ್ತ ಬಸುರಿ ಹೆಜ್ಜೆಯಲ್ಲಿ ಹೋಯಿತು. ಮುಂದೆ ಪೆಟ್ಟಿಗೆ ಟ್ರೈಲರ್ ಒಂದು ಖಾಲಿ ಹೊಟ್ಟೆಯಲ್ಲಿ ಹಳ್ಳಕ್ಕೆ ಮಗ್ಗುಲಾಗಿ ಮಲಗಿತ್ತು. ಗಂಟೆಗೆ ನೂರು ಕಿಲೋಮೀಟರ್ ಗಾಳಿ ಹತ್ತು ಚದರ ಮೀಟರ್ ಗೋಡೆಯನ್ನು ಅರ್ಧ ಟನ್ನಿನಷ್ಟು ಬಲದಿಂದ ತಳ್ಳುತ್ತದೆ. ಒಳಗೆ ಭಾರವಿಲ್ಲದಿದ್ದರೆ ಅದು ಬರೀ ಪಟ. ಅಲ್ಲಿಂದ ಮುಂದೆ ನಾನು ಅರವತ್ತು ದಾಟಲಿಲ್ಲ.

ಲಂಡ್‌ಬ್ರೆಕ್ ಸಮೀಪಿಸಿದಾಗ ದಿಬ್ಬಗಳ ಮೇಲೆ ಗಾಳಿಯಂತ್ರಗಳು ಕಂಡವು. ಕೆನಡಾದ ಮೊದಲ ವಾಣಿಜ್ಯ ಗಾಳಿವಿದ್ಯುತ್ ಕೇಂದ್ರವನ್ನು 1993ರಲ್ಲಿ ಅಲ್ಲಿಯೇ, ಕೌಲಿ ರಿಡ್ಜ್‌ನಲ್ಲಿ ಶುರುಮಾಡಿದ್ದರು. ಕಪ್ಪತಗುಡ್ಡದ ಮೇಲೆ ಅಂಥವೇ ಕಂಬಗಳನ್ನು ನೋಡಿದವನಿಗೆ, ಅವನ್ನು ಗಾಳಿ ಇಲ್ಲದ ಕಡೆ ನೆಡುವುದಿಲ್ಲ ಎಂಬಷ್ಟಾದರೂ ತಿಳಿದಿರಬೇಕಿತ್ತು. ಆಚೆ ಬರ್ಮಿಸ್ ಮರ. ಸತ್ತು ದಶಕಗಳಾದ ಪೈನ್ ಮರ. 1998ರಲ್ಲಿ ಗಾಳಿ ಕೆಡವಿದಾಗ ಊರಿನವರು ಎತ್ತಿ, ಊರುಗೋಲು ಕೊಟ್ಟು ನಿಲ್ಲಿಸಿಕೊಂಡಿದ್ದರು. ಭಾಮೈದ ಇಳಿದು ಆ ಊರುಗೋಲನ್ನು ಬಹಳ ಹೊತ್ತು ಪರೀಕ್ಷಿಸಿದ.

ಪಾಸ್ ತಲುಪಿದಾಗ ಏಳು ಡಿಗ್ರಿ. ಹಿಮ ಅಂಬಲಿಯಾಗಿತ್ತು. ಚಿನೂಕ್‌ಗೆ ಹಿಮ ತಿನ್ನುವ ಗಾಳಿ ಎಂಬ ಹೆಸರೂ ಇದೆಯಂತೆ. ನಮ್ಮನ್ನು ದಾರಿಯಲ್ಲಿ ತಿನ್ನಲಾಗದೆ ಬಿಟ್ಟದ್ದು ಇಲ್ಲಿ ಊಟ ಮುಗಿಸಿತ್ತು. ಸ್ಲೆಡ್‌ಗಳನ್ನು ಕೆಳಗಿಳಿಸದೆ, ಕಾಫಿ ಕುಡಿದು, ಗಾಳಿ ಇಳಿಯಲೆಂದು ರಾತ್ರಿ ಅಲ್ಲಿಯೇ ಉಳಿದೆವು.

ಮರುದಿನ ಹಿಂದಿರುಗುವಾಗ ಹೊದಿಕೆ ಹಾರಿದ್ದ ಜಾಗದಲ್ಲಿ ನಿಧಾನಿಸಿದೆವು. ಅದು ಬೇಲಿಯ ಗೂಟಕ್ಕೆ ಕಟ್ಟಿಕೊಂಡು ನಮಗಾಗಿ ಕಾಯುತ್ತಿತ್ತು. ದನದ ಯಜಮಾನ ಯಾರೋ ನಾಲ್ಕು ಮಡಿಕೆ ಮಾಡಿ, ಹುಲ್ಲುಕಟ್ಟಿನ ದಾರದಿಂದ ಬಿಗಿದಿದ್ದ. ಥೇಟ್ ನಮ್ಮ ಮಾವನ ಗಂಟು. ಇಬ್ಬರೂ ಹತ್ತು ನಿಮಿಷ ಉಗುರಿನಲ್ಲಿ ಕೆದಕಿದೆವು, ಹಲ್ಲಿನಲ್ಲಿ ಎಳೆದೆವು. ಸಡಿಲವಾಗಲಿಲ್ಲ. ಕೊನೆಗೆ ಭಾಮೈದ ಚಾಕು ತಂದ.